ಕೆಂಪಿನ ಕೆಳಗಿನ ಬಿಳಿ

ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಒಂದು ಕೈಪಂಪು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆ ಬಿಟ್ಟು ನಾಲ್ಕು ಮೈಲಿ ಒಳಗೆ ಹೋದರೆ ಸಿಗುವ ಸಣ್ಣ ಊರೊಂದರ ಪಂಪು. ಈ ವರ್ಷ ಅದಕ್ಕೆ ಕೆಂಪು ಬಣ್ಣ ಬಳಿಯುವವರು ಯಾರು ಎಂಬ ಚಿಂತೆ ಮೊದಲು ಬಂತು. ದುಃಖ ಬಂದದ್ದು ಆಮೇಲೆ, ಶಿರಾ ಬಸ್ಸು ಹತ್ತಿ ಕೂತ ಮೇಲೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನನ್ನ ಜಾಯಮಾನವೇ ಹಾಗೆ. ಮದುವೆ ಊಟಕ್ಕೆ ಕೂತರೆ ಹೊರಗೆ ಬಿಟ್ಟ ಚಪ್ಪಲಿಯ ಯೋಚನೆ. ಚಪ್ಪಲಿ ಸಿಕ್ಕರೆ ಅದು ನನ್ನದೇ ಹೌದೋ ಅಲ್ಲವೋ ಎಂಬ ಯೋಚನೆ. “ಚಿಂತೆ ಮಾಡೋಕೆ ಏನೂ ಇಲ್ಲ ಅಂತ ಗೊತ್ತಾದ ದಿನ ನಿಮಗೆ ಜ್ವರ ಬರುತ್ತೆ” ಎಂದು ನನ್ನ ಹೆಂಡತಿ ಹೇಳುತ್ತಾಳೆ. ಕೊರಟಗೆರೆಯ ನಮ್ಮ ಮನೆಯಿಂದ ಕಚೇರಿಗೆ ಹೊರಟರೆ ಬೀಗ ನೋಡಲು ಒಂದು ಸಲವಾದರೂ ತಿರುಗಿ ಬರುತ್ತೇನೆ. ಅವಳು ಒಳಗೇ ಇರುತ್ತಾಳೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಹಿಡಿಸುತ್ತಿರಲಿಲ್ಲ. ಗೌಡಗೆರೆ ಕಡೆಯ ಒಕ್ಕಲು ಮನೆತನದವರು, ಚಿಕ್ಕಂದಿನಲ್ಲೇ ಶಿರಾಕ್ಕೆ ಬಂದು ಬ್ರಷ್ಷು ಹಿಡಿದವರು. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಕಿರಾಣಿ ಅಂಗಡಿಯಿಂದ ಹಿಡಿದು ಹಾಲಿನ ಡೈರಿವರೆಗೆ ಎಷ್ಟೋ ಬೋರ್ಡು ಬರೆದರು. ಬೇರೆ ಪೇಂಟರುಗಳು ಬೋರ್ಡಿನ ಮೂಲೆಯಲ್ಲಿ ತಮ್ಮ ಹೆಸರು ಹಾಕಿ ಮುಂದೆ ‘ಆರ್ಟ್ಸ್’ ಎಂದು ಸೇರಿಸುತ್ತಿದ್ದರು. ಇವರು ಒಂದಕ್ಕೂ ಹಾಕಲಿಲ್ಲ. ಕೇಳಿದರೆ, “ಅಂಗ್ಡಿ ಅವ್ರದು, ಹೆಸ್ರು ಅವ್ರದು, ಮಧ್ಯ ನಂದೇನ್ ಸಾರ್ ಗಲಾಟೆ” ಎನ್ನುತ್ತಿದ್ದರು. ಊರವರಿಗೆಲ್ಲ ಅವರು ಪೇಂಟರಣ್ಣ. ನನಗೂ ಅಷ್ಟೇ.

ಬಣ್ಣದ ಕೆಲಸದವರ ಅಂಗಿ ನೋಡಿದರೆ ಆ ವಾರ ಎಲ್ಲೆಲ್ಲಿ ಕೆಲಸ ಮಾಡಿದ್ದಾರೆ ಎಂದು ಹೇಳಬಹುದು. ಇವರ ಅಂಗಿಯ ಮೇಲೆ ಒಂದು ಚುಕ್ಕೆಯೂ ಇರುತ್ತಿರಲಿಲ್ಲ. “ಮೈಮೇಲೆ ಬಣ್ಣ ಬಿದ್ದೋನು ಪೇಂಟ್ರಲ್ಲ ಸಾರ್, ಗ್ವಾಡೆ” ಎಂಬುದು ಅವರ ವಾದ. ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಯಾವಾಗಲೂ ಕೆಂಪು. ಕೆಂಪಿನ ಯಾವ ಡಬ್ಬಿ ತೆಗೆದರೂ ಮೊದಲ ತೊಟ್ಟನ್ನು ಆ ಉಗುರಿನ ಮೇಲೆ ಎಳೆದು, ಒಣಗುವವರೆಗೆ ಬೇರೆ ಮಾತಾಡಿ, ಆಮೇಲೆ ನೆರಳಿಗೆ ಹೋಗಿ ನೋಡುವುದು ಅವರ ಪದ್ಧತಿ. “ಒದ್ದೇಲಿ ಎಲ್ಲಾ ಬಣ್ಣವೂ ಸುಂದ್ರ ಕಣ್ ಸಾರ್. ಬಿಸ್ಲಲ್ಲೂ ನೋಡ್ಬ್ಯಾಡಿ. ಒಣಗಲಿ, ನೆಳ್ಳಿಗೆ ಬರ್ಲಿ, ಆಗ ಅದ್ರ ಬಂಡವಾಳ ಗೊತ್ತಾಯ್ತದೆ.”

ನಾನು ಕುಡಿಯುವ ನೀರಿನ ಪರೀಕ್ಷೆ ಮಾಡುವ ಸಣ್ಣ ಲ್ಯಾಬೊಂದರಲ್ಲಿ ಸಹಾಯಕ. ಊರೂರಿನಿಂದ ಬಾಟಲಿಯಲ್ಲಿ ನೀರು ತಂದು, ಅದರಲ್ಲಿ ಏನೇನಿದೆ ಎಂದು ಬರೆದಿಡುವ ಕೆಲಸ. ನಮ್ಮ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡು ಹೆಚ್ಚು. ವರ್ಷಗಟ್ಟಲೆ ಕುಡಿದವರ ಹಲ್ಲು ಕಂದು ಹಿಡಿಯುತ್ತದೆ, ಮಂಡಿ ಮಡಿಸಲು ಬರುವುದಿಲ್ಲ. ಪಾವಗಡದ ಕಡೆ ಮದುವೆ ಫೋಟೋಗಳಲ್ಲಿ ಬಾಯಿ ಮುಚ್ಚಿಕೊಂಡೇ ನಗುವವರು ಇಷ್ಟೊಂದು ಜನ ಯಾಕೆ ಎಂದು ಹೊರಗಿನವರು ಕೇಳುತ್ತಾರೆ, ಊರವರು ಕೇಳುವುದಿಲ್ಲ. ಕುಡಿಯಲು ಫಿಲ್ಟರ್ ನೀರು ಬಂದ ಮೇಲೆ ಹಳೆಯ ಪಂಪುಗಳನ್ನು ಕೀಳುವಂತಿರಲಿಲ್ಲ, ದನಕ್ಕೆ, ಬಟ್ಟೆಗೆ ಬೇಕಿತ್ತು. ಹಾಗಾಗಿ ಫ್ಲೋರೈಡು ಜಾಸ್ತಿಯಿರುವ ಪಂಪುಗಳಿಗೆಲ್ಲ ಕೆಂಪು ಬಳಿದು ‘ಕುಡಿಯಬಾರದು’ ಎಂದು ಬರೆಸುವುದೆಂದಾಯಿತು. ನಾನು ಕೆಮಿಸ್ಟ್ರಿ ಓದಿದವನು, ಬಣ್ಣವೂ ಕೆಮಿಸ್ಟ್ರಿಯೇ ಎಂದು ಉಸ್ತುವಾರಿ ನನ್ನ ತಲೆಗೆ ಬಂತು. ಬರೆಯಲು ಅವರು ಬಂದರು. ಆ ಹೊತ್ತಿಗೆ ಬೋರ್ಡಿನ ಕೆಲಸವನ್ನೆಲ್ಲ ಫ್ಲೆಕ್ಸ್ ತಿಂದುಹಾಕಿತ್ತು.

ಮೊದಲ ದಿನವೇ ನಾವು ತರಿಸಿದ್ದ ಕೆಂಪಿನ ಡಬ್ಬಿಯನ್ನು ಅವರು ಒಪ್ಪಲಿಲ್ಲ. ಒಣಗಿದ ಬಣ್ಣದ ಮೇಲೆ ಥಿನ್ನರಿನಲ್ಲಿ ಅದ್ದಿದ ಬಿಳಿ ಬಟ್ಟೆ ಒತ್ತಿ ನನ್ನ ಮೂಗಿನ ಮುಂದೆ ಹಿಡಿದರು. ಬಟ್ಟೆಯಲ್ಲಿ ಕೆಂಪು ಕುಂಕುಮದಂತೆ ಹರಡುತ್ತಿತ್ತು.

“ಇದು ಓಡೋ ಕೆಂಪು ಸಾರ್. ಇದ್ರ ಮ್ಯಾಲೆ ಬಿಳಿ ಬರೆದ್ರೆ ನಾಳೆ ಬೆಳಿಗ್ಗೆ ಗುಲಾಬಿ.”

“ಓಡದೇ ಇರೋದು ಇಲ್ವಾ?”

“ಐತೆ. ಅದು ಕೂತ್ಕೊಳೋ ಕೆಂಪು. ಆದ್ರೆ ನಿಮ್ಗೆ ಬಂದಿರೋದು ಇದು. ಇರ್ಲಿ ಬುಡಿ, ಇದ್ರ ಕೈಲೂ ಕೆಲಸ ಮಾಡುಸ್ಬೋದು. ಗುಣ ಗೊತ್ತಿರ್ಬೇಕು ಅಷ್ಟೇಯ.”

ಗುಣ ನನಗೂ ಗೊತ್ತಿತ್ತು, ಪುಸ್ತಕದಲ್ಲಿ. ಈ ಉಜ್ವಲ ಕೆಂಪುಗಳು ಮಣ್ಣಿನಿಂದ ಬಂದವಲ್ಲ. ಕಲ್ಲಿದ್ದಲಿನ ಟಾರು, ಕಲ್ಲೆಣ್ಣೆಗಳಿಂದ ತೆಗೆದ ವಸ್ತುಗಳನ್ನು ಬೆಸೆದು ಕಾರ್ಖಾನೆಯಲ್ಲಿ ಮಾಡಿದ ಪುಡಿಗಳು. ನೀರಿನಲ್ಲಿ ಕರಗುವುದಿಲ್ಲ, ಆದರೆ ಕೆಲವು ಥಿನ್ನರಿನಲ್ಲಿ ಅಷ್ಟಿಷ್ಟು ಕರಗುತ್ತವೆ; ಅದಕ್ಕೇ ಮೇಲೆ ಬಳಿದ ಬಿಳಿಯೊಳಕ್ಕೆ ಏರಿಬಿಡುತ್ತವೆ. ಇದನ್ನು ನಾನು ವಿವರಿಸಿದಾಗ ಅವರು ತಾಳ್ಮೆಯಿಂದ ಕೇಳಿಸಿಕೊಂಡು, “ಅಂಗಾದ್ರೆ ನಾನು ಹೇಳಿದ್ದು ಸರಿ ಅನ್ನಿ” ಎಂದರು.

ಹಟ್ಟಿಯ ಗೋಡೆಯಂಚಿಗೆ ಸಾರಿಸುವ ಕೆಮ್ಮಣ್ಣನ್ನೂ ಈ ಕೆಂಪನ್ನೂ ಅವರು ಒಮ್ಮೆ ಹೀಗೆ ಹೋಲಿಸಿದ್ದರು: “ಕೆಮ್ಮಣ್ಣು ಬಿಸ್ಲಲ್ಲೇ ಹುಟ್ಟಿ ಬಿಸ್ಲಲ್ಲೇ ಬೆಳೆದದ್ದು. ಅದಕ್ಕೇನೂ ಆಗಕಿಲ್ಲ. ಆದ್ರೆ ಅದು ಕೂಗಲ್ಲ ಸಾರ್, ಗೊಣಗ್ತದೆ. ಇದು ಕಾರ್ಖಾನೇದು, ಒಂದು ಮೈಲಿಯಿಂದ ಕೂಗ್ತದೆ. ಅದಕ್ಕೇ ಬೆಂಕಿ ಆರ್ಸೋ ಬಕೀಟಿಗೆ, ಅಂಚೆ ಡಬ್ಬಕ್ಕೆ, ಲಾರಿ ಹಿಂದ್ಗಡೆಗೆ ಇದೇ. ಕೂಗೋವ್ರ ಗಂಟ್ಲು ಬೇಗ ಕಟ್ತದೆ, ಅದೊಂದು ನೋಡ್ಕಬೇಕು.”

ನೋಡಿಕೊಳ್ಳುವುದು ಎಂದರೆ ಅವರ ಲೆಕ್ಕದಲ್ಲಿ ಒಂದೇ: ಕೆಂಪಿಗೆ ಬಿಳಿ ಬೆರೆಸಬಾರದು. ಈ ಕೆಂಪಿನದೊಂದು ದೌರ್ಬಲ್ಯವಿದೆ. ಒಂದೇ ಕೋಟಿಗೆ ಕೆಳಗಿನದನ್ನು ಮುಚ್ಚುವುದಿಲ್ಲ, ಕಬ್ಬಿಣದ ಕಪ್ಪು ಇಣುಕುತ್ತದೆ. ಅವಸರದವರು ಒಂದಿಷ್ಟು ಬಿಳಿ ಬೆರೆಸುತ್ತಾರೆ. ಆಗ ಚೆನ್ನಾಗಿ ಮುಚ್ಚುತ್ತದೆ. ಆದರೆ ತಾನೊಂದೇ ಇದ್ದಾಗ ಎರಡು ವರ್ಷ ಬಿಸಿಲು ತಡೆಯುವ ಕೆಂಪು, ಬಿಳಿಯ ಜೊತೆ ಸೇರಿದರೆ ಒಂದು ಬೇಸಿಗೆ ತಡೆಯುವುದಿಲ್ಲ. ಬಿಸಿಲು ಕೆಂಪನ್ನು ತಿಂದು ಬಿಳಿಯನ್ನು ಬಿಟ್ಟು ಹೋಗುತ್ತದೆ.

“ಬಿಳಿ ಕೆಂಪಿನ ಕೆಳಗಿರ್ಬೇಕು ಸಾರ್. ಒಳಗಿರ್ಬಾರ್ದು.”

ಹಾಗಾಗಿ ಅವರು ಮೊದಲು ಪಂಪಿಗೆ ಅಪ್ಪಟ ಬಿಳಿ ಬಳಿಯುತ್ತಿದ್ದರು. ಅದು ಒಣಗಿದ ಮೇಲೆ ಪೆನ್ಸಿಲಿನಲ್ಲಿ ‘ಕುಡಿಯಬಾರದು’ ಎಂದು ಗೀಚಿ, ಅಕ್ಷರಗಳನ್ನು ಹಾಗೆಯೇ ಬಿಟ್ಟು ಸುತ್ತಲೂ ಕೆಂಪು ತುಂಬುತ್ತಿದ್ದರು. ಎಂದರೆ ಅಕ್ಷರವನ್ನು ಬರೆಯುತ್ತಿರಲಿಲ್ಲ, ಬಿಡುತ್ತಿದ್ದರು. ‘ಕು’ ಅಕ್ಷರದ ಕೊಂಬಿನ ಒಳಗೆ, ‘ಡಿ’ ಅಕ್ಷರದ ಗುಡಿಸಿನ ಒಳಗೆ ನಾಲ್ಕು ಕೂದಲಿನ ಬ್ರಷ್ಷಿನಿಂದ ಕೆಂಪು ಇಡುವಾಗ ಅವರ ನಾಲಿಗೆ ಹೊರಗೆ ಬಂದಿರುತ್ತಿತ್ತು. ಆಮೇಲೆ ಕೆಂಪಿನ ಎರಡನೇ ಕೋಟು, ಮೂರನೇ ಕೋಟು. ಒಂದು ಪಂಪಿಗೆ ಎರಡು ದಿನ. ಪಟ್ಟಿ ಹಿಡಿದು ಪಕ್ಕದಲ್ಲಿ ನಿಂತ ನನಗೆ ಪ್ರಾಣ ಹೋಗುತ್ತಿತ್ತು.

“ಪೇಂಟರಣ್ಣ, ಹಿಂಗಾದ್ರೆ ಮಳೆಗಾಲ ಬಂದುಬಿಡುತ್ತೆ.”

“ಈ ಕಡೆಗಾ? ಬಂದ್ರೆ ಹೇಳಿ ಸಾರ್, ನಾನೂ ನೋಡ್ಬೇಕು.”

ಪಂಪಿನ ಬಾಯಿಯ ಒಳಗೆ ಬಣ್ಣ ತಾಕಿಸುತ್ತಿರಲಿಲ್ಲ. ಹಳೆಯ ಕಿತ್ತಳೆಗೆಂಪೊಂದರಲ್ಲಿ ಸೀಸವಿದೆಯೆಂದು ಯಾರೋ ಹೇಳಿದ್ದರಂತೆ, ಆ ಡಬ್ಬಿಯನ್ನು ಪಂಪಿನ ಹತ್ತಿರವೂ ತರುತ್ತಿರಲಿಲ್ಲ. ಕುಡಿಯಬಾರದು ಎಂದು ಬರೆಯುವ ಪಂಪಿಗೂ ಇಷ್ಟು ಮಡಿ ಯಾಕೆ ಎಂದು ಕೇಳಿದೆ. “ಬರೆದಿದ್ದನ್ನ ಎಲ್ರೂ ಓದ್ತಾರಾ ಸಾರ್” ಎಂದರು.

ನನ್ನ ಪರೀಕ್ಷೆ ಕಂಡರೆ ಅವರಿಗೆ ನಗು. ಕಿಟ್ಟಿನ ದ್ರಾವಣ ಕೆಂಪಗಿರುತ್ತದೆ. ಅದೂ ಕಾರ್ಖಾನೆಯ ಕೆಂಪೇ. ನೀರಿಗೆ ಹಾಕಿದಾಗ ಕೆಂಪು ಹಾಗೇ ಉಳಿದರೆ ನೀರು ಒಳ್ಳೆಯದು, ಕೆಂಪು ಮಾಸಿ ಹಳದಿಯಾದರೆ ಫ್ಲೋರೈಡು ಇದೆ ಎಂದರ್ಥ. ಅವರು ಸೀಸೆಯನ್ನೂ ಪಂಪನ್ನೂ ಒಂದು ಸಲ ನೋಡಿದರು. “ನಿಮ್ಮ ಸೀಸೇಲಿ ಕೆಂಪಿದ್ರೆ ಕುಡೀಬೋದು, ನನ್ ಪಂಪಲ್ಲಿ ಕೆಂಪಿದ್ರೆ ಕುಡೀಬಾರ್ದು. ಯಾವುದಾದ್ರೂ ಒಂದು ಕಡೆ ನಿಂತ್ಕಳಿ ಸಾರ್, ಜನ ಏನ್ ಮಾಡ್ಬೇಕು?” ನಾನೂ ನಕ್ಕೆ. ನಗಬಾರದಿತ್ತು.

ಆರು ವರ್ಷದ ಹಿಂದಿನ ಮಾತು. ಪಟ್ಟಿಯಲ್ಲಿ ಒಂದೇ ಒಂದು ಪಂಪು ಉಳಿದಿತ್ತು, ಮೊದಲು ಹೇಳಿದ ಆ ಸಣ್ಣ ಊರಿನದು. ಮೊಮ್ಮಗಳ ನಾಮಕರಣವೆಂದು ಪೇಂಟರಣ್ಣ ನಾಲ್ಕು ದಿನ ಶಿರಾಕ್ಕೆ ಹೋದರು. “ನಾನು ಬರೋಗಂಟ ಅದನ್ನ ಮುಟ್ಬ್ಯಾಡಿ” ಎಂದು ಹೇಳಿಯೇ ಹೋದರು. ನಾನು ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಚಿಂತೆ ಹತ್ತಿತು: ಅವರು ಬರದೇ ಹೋದರೆ? ಅಷ್ಟರಲ್ಲಿ ಯಾರಾದರೂ ಆ ನೀರು ಕುಡಿದುಬಿಟ್ಟರೆ? ಅದಕ್ಕೆ ಹೊಣೆ ಯಾರು? ಜನರ ಹಲ್ಲು ಉಳಿಸುವ ಅವಸರದಲ್ಲಿ ಗಾಡಿ ತೆಗೆದುಕೊಂಡು ನಾನೇ ಹೊರಟೆ.

ಡಬ್ಬಿಯಲ್ಲಿ ಕೆಂಪು ಸ್ವಲ್ಪವೇ ಇತ್ತು. ಒಂದು ಕೋಟು ಬಳಿದೆ, ಕಪ್ಪು ಇಣುಕಿತು. ಮಾಡಬೇಕಾದದ್ದು ನನಗೆ ತಿಳಿಯದ್ದೇನಲ್ಲ, ಆದರೆ ಪುಸ್ತಕದ್ದೂ ಅವರು ಹೇಳಿದ್ದೂ ಆ ಗಳಿಗೆಗೆ ಮರೆತುಹೋಯಿತೋ, ನಾನೇ ಮರೆತೆನೋ. ಬಿಳಿಯ ಡಬ್ಬಿಯಿಂದ ಎರಡು ಸೌಟು ಸುರಿದು ಕಲಕಿದೆ. ಟೊಮ್ಯಾಟೊ ಬಣ್ಣ ಬಂತು, ಒಂದೇ ಏಟಿಗೆ ಕಬ್ಬಿಣ ಮುಚ್ಚಿತು. ಇಷ್ಟು ಸುಲಭದ ಕೆಲಸಕ್ಕೆ ಆ ಮನುಷ್ಯ ಎರಡು ದಿನ ತೆಗೆದುಕೊಳ್ಳುತ್ತಾನಲ್ಲ ಎಂದು ಏಕವಚನದಲ್ಲಿ ಯೋಚಿಸಿದ್ದೂ ನೆನಪಿದೆ. ಮೇಲೆ ಬಿಳಿಯಲ್ಲಿ ‘ಕುಡಿಯಬಾರದು’ ಎಂದು ಬರೆದೆ. ಅಕ್ಷರ ಚೆನ್ನಾಗಿಯೇ ಬಂತು. ಎರಡು ದಿನದ ಮೇಲೆ ಹೋಗಿ ನೋಡಿದರೆ ಅಕ್ಷರಗಳು ಗುಲಾಬಿಯಾಗಿದ್ದವು. ಚಂದವಾಗಿಯೇ ಕಾಣುತ್ತವೆ ಎಂದು ಸಮಾಧಾನ ಮಾಡಿಕೊಂಡೆ. ಪೇಂಟರಣ್ಣ ಬಂದು ಕೇಳಿದಾಗ “ಮುಗೀತು” ಎಂದೆ. ಯಾರು ಮುಗಿಸಿದರು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಆ ಬೇಸಿಗೆ ಊರಿನ ಫಿಲ್ಟರ್ ನೀರಿನ ಮೋಟರು ಕೆಟ್ಟಿತು. ಪಕ್ಕದೂರಿಂದ ಬಿಂದಿಗೆ ಹೊರಬೇಕಾಯಿತು. ಬಿಸಿಲು ತನ್ನ ಕೆಲಸ ಮಾಡುತ್ತಿತ್ತು. ಟೊಮ್ಯಾಟೊ ಬಣ್ಣ ಗುಲಾಬಿಯಾಗಿ, ಗುಲಾಬಿ ಮಜ್ಜಿಗೆಯ ಬಣ್ಣವಾಯಿತು. ಅಕ್ಷರಕ್ಕೂ ಪಂಪಿಗೂ ವ್ಯತ್ಯಾಸ ಉಳಿಯಲಿಲ್ಲ. ಆಮೇಲೆ ಮೋಟರು ರಿಪೇರಿಯಾದರೂ ಎಲ್ಲರೂ ಫಿಲ್ಟರ್ ನೀರಿಗೆ ವಾಪಸಾಗಲಿಲ್ಲ. ಪಂಪಿನ ಎದುರಿನ ಮನೆಯವರಂತೂ ಹೋಗಲೇ ಇಲ್ಲ.

ಇದೆಲ್ಲ ನಮಗೆ ಗೊತ್ತಾದದ್ದು ಮಾರನೇ ವರ್ಷ, ಪಂಪುಗಳನ್ನೆಲ್ಲ ಮತ್ತೊಮ್ಮೆ ನೋಡಿ ಬರಲು ಇಬ್ಬರೂ ನನ್ನ ಗಾಡಿಯಲ್ಲಿ ಹೋದಾಗ. ಎದುರು ಮನೆಯ ಅಜ್ಜಿ ಅದೇ ಪಂಪಿನಿಂದ ಬಿಂದಿಗೆ ತುಂಬುತ್ತಿದ್ದಳು. ಸೊಂಟದ ಮೇಲೆ ಎರಡು ವರ್ಷದ ಮೊಮ್ಮಗಳು.

“ಅಜ್ಜಿ, ಈ ನೀರು ಯಾತಕ್ಕೆ?” ಎಂದು ಕೇಳಿದೆ.

“ಯಾತಕ್ಕೇನಪ್ಪಾ, ತಾಗೇದಿಕ್ಕೆ. ಮಗೀಗೆ ಗಂಜಿ ಕಾಯ್ಸಕ್ಕೆ.”

ತಾಗುವುದೆಂದರೆ ಆ ಕಡೆಯ ತೆಲುಗಿನಲ್ಲಿ ಕುಡಿಯುವುದು. “ಕುಡೀಬಾರದು ಅಂತ ಬರೆದಿತ್ತಲ್ಲ?”

“ಕೆಂಪಿತ್ತಲ್ಲ, ಆಗ ಕುಡೀತಿರ್ಲಿಲ್ಲ. ಆಮ್ಯಾಕೆ ನೀವೇ ಕೆಂಪು ತೆಗುದ್ರಲ್ಲ. ನೀಳ್ಳು ಮಂಚಿಗಾಯ್ತು, ಅದಕ್ಕೇ ತೆಗುದವ್ರೆ ಅಂದ್ಕೊಂಡ್ವಿ.”

ಬಿಸಿಲು ತಿಂದ ಕೆಂಪನ್ನು ಊರವರು, ನೀರು ಒಳ್ಳೆಯದಾಯಿತೆಂದು ಸರ್ಕಾರ ವಾಪಸು ತೆಗೆದುಕೊಂಡ ಆಜ್ಞೆಯೆಂದು ಓದಿದ್ದರು. ಮಾಸುತ್ತಾ ಬಂದದ್ದನ್ನು ಕಂಡು, ನೀರು ದಿನದಿನಕ್ಕೆ ಸುಧಾರಿಸುತ್ತಿದೆ ಎಂದು ಖುಷಿಪಟ್ಟಿದ್ದರಂತೆ. ಒಂದು ವರ್ಷದ ಹತ್ತಿರ ಹತ್ತಿರ ಕುಡಿದಿದ್ದರು.

ಪೇಂಟರಣ್ಣ ಪಂಪಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬ್ಲೇಡಿನಿಂದ ಬಣ್ಣ ಕೆರೆದರು. ಬಿಸಿಲು ತಾಕದ ಒಳಪದರ ಇನ್ನೂ ಟೊಮ್ಯಾಟೊ ಬಣ್ಣದ್ದೇ ಇತ್ತು. ಆ ಚೂರನ್ನು ಉಗುರಿನ ಮೇಲಿಟ್ಟುಕೊಂಡು ನೆರಳಿಗೆ ಹೋಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದೆ. ಅದು ಸರಿಯಾಗಿಯೇ ಇತ್ತು.

ಅವರು ಅಜ್ಜಿಯ ಕಡೆ ತಿರುಗಿದರು. “ತಪ್ಪಾಯ್ತು ಕಣಮ್ಮ. ಇದು ನಂದೇ ಕೈ ತಪ್ಪು. ಬಣ್ಣ ಬೆರಸೋದ್ರಾಗೆ ಎಡವಟ್ಟು ಮಾಡ್ಬುಟ್ಟೆ. ನೀರು ಒಳ್ಳೇದಾಗಿಲ್ಲ. ಮಗೀಗೆ ಇನ್ಮ್ಯಾಕೆ ಕೊಡ್ಬ್ಯಾಡ.”

ಜೀವಮಾನದಲ್ಲಿ ತಾನು ಮಾಡಿದ ಒಂದು ಕೆಲಸಕ್ಕೂ ಹೆಸರು ಹಾಕದ ಮನುಷ್ಯ ನನ್ನ ತಪ್ಪಿಗೆ ಹಾಕಿಬಿಟ್ಟರು. ಅದು ನಾನು ಮಾಡಿದ್ದು ಎಂದು ಹೇಳಲು ನನಗೆ ಅಲ್ಲಿಯೇ ಒಂದು ಗಳಿಗೆ ಸಿಕ್ಕಿತ್ತು. ಆ ಗಳಿಗೆಯಲ್ಲಿ ನಾನು ವರ್ಗಾವಣೆ, ವಿಚಾರಣೆ, ಪತ್ರಿಕೆಯವರು, ಪಿಂಚಣಿ ಇಷ್ಟನ್ನೂ ಯೋಚಿಸಿ ಮುಗಿಸಿದೆ. ಅಷ್ಟರಲ್ಲಿ ಗಳಿಗೆ ಕಳೆದಿತ್ತು. ವಾಪಸು ಬರುವಾಗ ಗಾಡಿಯ ಹಿಂದೆ ಕೂತು ಅವರು ಹೇಳಿದ್ದು ಇಷ್ಟೇ: “ಎರಡು ಸೌಟಾ, ಮೂರಾ?”

“ಎರಡು” ಎಂದೆ.

“ಹ್ಞೂಂ.”

ಮತ್ತೆಂದೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಆಮೇಲೆ ನನಗೆ ಹಿಡಿದ ಚಿಂತೆ ಆ ಮಗುವಿನ ಹಲ್ಲಿನದು. ಮುಂದಿನ ಕಾಯಂ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವುದು ಸರಿಯಾಗಿ ಆ ವಯಸ್ಸಿನಲ್ಲೇ ಎಂದು ಓದಿದ್ದೆ. ಆಗ ಕುಡಿದ ಫ್ಲೋರೈಡಿನ ಗುರುತು ಕಾಣುವುದು ಹಾಲುಹಲ್ಲು ಬಿದ್ದು ಹೊಸವು ಬಂದಾಗ, ಆರೇಳು ವರ್ಷಕ್ಕೆ. ಎಂದರೆ ನನ್ನ ತಪ್ಪಿನ ಫಲಿತಾಂಶ ಐದು ವರ್ಷ ಒಂದು ಮಗುವಿನ ಒಸಡಿನೊಳಗೆ ಕೂತಿತ್ತು. ಯಾವ ಮಗು ನಕ್ಕರೂ ನಾನು ಹಲ್ಲು ನೋಡತೊಡಗಿದೆ. ನೆಂಟರ ಮನೆಯಲ್ಲಿ ಇದರಿಂದ ಒಳ್ಳೆಯ ಹೆಸರು ಬರಲಿಲ್ಲ.

ಪೇಂಟರಣ್ಣ ಮಾತ್ರ ಪ್ರತಿ ವರ್ಷ ಯುಗಾದಿ ಕಳೆದ ಮೇಲೆ, ಯಾರೂ ಹೇಳದಿದ್ದರೂ, ಬಸ್ಸು ಹಿಡಿದು ಆ ಊರಿಗೆ ಹೋಗಿ ಪಂಪಿಗೆ ಬಿಳಿ ಬಳಿದು, ಅಕ್ಷರ ಬಿಟ್ಟು, ಮೂರು ಕೋಟು ಕೆಂಪು ಬಳಿದು ಬರುತ್ತಿದ್ದರು. ಬಂದು ಫೋನು ಮಾಡುತ್ತಿದ್ದರು. “ಪಂಪು ಕೂಗ್ತಾ ಐತೆ ಸಾರ್. ಮಗಾ ಚೆನ್ನಾಗವ್ಳೆ. ಹಲ್ಲು ಇನ್ನೂ ಹಳೇವೇ.” ಕಳೆದ ವರ್ಷ, “ಒಂದು ಅಲ್ಲಾಡ್ತಾ ಐತೆ” ಎಂದರು.

ಈ ವರ್ಷ ಯುಗಾದಿಗೆ ಮೊದಲೇ ಅವರು ಹೋದರು.

ಮಣ್ಣಾದ ಮೇಲೆ ಶಿರಾದ ಅವರ ಮನೆಯಲ್ಲಿ ಎಲ್ಲರೂ ಅಂಗಳದಲ್ಲಿ ಕೂತಿದ್ದರು. ನಾನು ಮಾಳಿಗೆ ಹತ್ತಿದೆ. ಅಲ್ಲಿ ಅವರ ತಗಡುಗಳಿದ್ದವು. ಪ್ರತಿಯೊಂದು ಹೊಸ ಕೆಂಪನ್ನೂ ಒಂದು ತಗಡಿನ ಪಟ್ಟಿಗೆ ಬಳಿದು, ಅರ್ಧಕ್ಕೆ ಹೆಂಚು ಮುಚ್ಚಿ, ಬಿಸಿಲಿಗೆ ಇಡುತ್ತಿದ್ದರು. ವರ್ಷಕ್ಕೊಮ್ಮೆ ಹೆಂಚೆತ್ತಿ ಮುಚ್ಚಿದ ಅರ್ಧವನ್ನೂ ತೆರೆದ ಅರ್ಧವನ್ನೂ ಹೋಲಿಸುವುದು. ಇದನ್ನು ಅವರು ಕೆಂಪಿನ ಜಾತಕ ಎನ್ನುತ್ತಿದ್ದರು. ಎಲ್ಲ ತಗಡಿಗೂ ಮೊಳೆಯಲ್ಲಿ ಅಂಗಡಿಯ ಹೆಸರೋ ಡಬ್ಬಿಯ ಗುರುತೋ ಗೀಚಿತ್ತು. ಒಂದೊಂದೇ ಹೆಂಚೆತ್ತಿದೆ. ಕಡೆಯ ಸಾಲಿನ ತಗಡೊಂದರಲ್ಲಿ ಮುಚ್ಚಿದ ಅರ್ಧ ಟೊಮ್ಯಾಟೊ ಬಣ್ಣ, ತೆರೆದ ಅರ್ಧ ಹೆಚ್ಚುಕಡಿಮೆ ಬಿಳಿ. ಕೆಳಗೆ ಗೀಚಿದ್ದು: ‘ಸಾರ್. ೨ ಸೌಟು’.

ಬೈದಿದ್ದರೂ ಅಷ್ಟು ತಾಕುತ್ತಿರಲಿಲ್ಲ. ಅವರು ನನ್ನ ತಪ್ಪನ್ನು ಅಳತೆ ಪ್ರಕಾರ ಮಾಡಿ, ಬಿಸಿಲಿಗಿಟ್ಟು, ಐದು ವರ್ಷ ನೋಡಿಕೊಂಡು ಬಂದಿದ್ದರು. ಅವರ ಹೆಂಡತಿಯನ್ನು ಕೇಳಿ ಅವರ ಸಣ್ಣ ಬ್ರಷ್ಷೊಂದನ್ನು ತೆಗೆದುಕೊಂಡೆ. “ಬಣ್ಣದವ್ರಾ ನೀವು?” ಎಂದು ಆ ತಾಯಿ ಕೇಳಿದರು. “ಅಲ್ಲಮ್ಮ, ನೀರಿನವನು” ಎಂದೆ.

ಯುಗಾದಿ ಕಳೆದ ಮೊದಲ ಭಾನುವಾರ ಒಂದು ಬಿಳಿ ಡಬ್ಬಿ, ಒಂದು ಕೆಂಪು ಡಬ್ಬಿ ಹಿಡಿದು ಆ ಊರಿಗೆ ಹೋದೆ. ಎರಡೂ ಡಬ್ಬಿಗಳನ್ನು ಬೇರೆಬೇರೆ ಚೀಲದಲ್ಲಿ ಇಟ್ಟುಕೊಂಡಿದ್ದೆ. ಅಜ್ಜಿ ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದಳು. ಪೇಂಟರಣ್ಣ ಹೋದರು ಎಂದು ಹೇಳಿದೆ. ಅವಳು ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕಿಟ್ಟಳು. “ಒಳ್ಳೆ ಮನುಷ” ಎಂದಳು.

ಬಸ್ಸಿನುದ್ದಕ್ಕೂ ಉರು ಹೊಡೆದುಕೊಂಡು ಬಂದಿದ್ದ ಮಾತನ್ನು ಹೇಳಿಬಿಟ್ಟೆ. “ಅಜ್ಜಿ, ಆವತ್ತು ಆ ಬಣ್ಣ ಕೆಡಿಸಿದ್ದು ಅವರಲ್ಲ. ನಾನು.”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಗೊತ್ತಲ್ಲ.”

“ಏನು ಗೊತ್ತು?”

“ನೀನೇ ಬಳ್ದಿದ್ದು ಅಂತ. ಈ ಜಗಲಿ ಮ್ಯಾಲೇ ಕುಂತಿದ್ದೆ ನಾನು. ತಲೆ ಮ್ಯಾಲಿನ ಡಬ್ಬಾನೂ ತೆಗೀದೆ ಬಳೀತಿದ್ದೆ ನೀನು. ಊರೆಲ್ಲ ನೋಡಿ ನಕ್ಕಂಡಿತ್ತು.”

ಹೆಲ್ಮೆಟ್ಟು. ಕೆಲಸದ ಅವಸರದಲ್ಲಿ ತೆಗೆಯಲು ಮರೆತಿದ್ದೆನೆಂದು ಕಾಣುತ್ತದೆ. ಐದು ವರ್ಷ ನಾನು ಎದೆಯೊಳಗೆ ಬಚ್ಚಿಟ್ಟುಕೊಂಡು ನವೆದ ಗುಟ್ಟು ಊರಿನ ನಾಯಿಗೂ ಗೊತ್ತಿತ್ತು.

“ಮತ್ತೆ ಅವರು ತಾನೇ ಮಾಡಿದ್ದು ಅಂದಾಗ ಯಾಕೆ ಸುಮ್ಮನಿದ್ರಿ?”

“ಆವಯ್ಯ ಅಷ್ಟು ದೊಡ್ಡೋನು ನನ್ ತಪ್ಪು ಅಂತ ಕೈ ಮುಗಿದು ನಿಂತವ್ನೆ. ಇಲ್ಲ ಸುಳ್ಳು ಅಂತ ನಾನ್ ಹೆಂಗನ್ನಾನ? ನೀನು ಅಂತೀಯೇನೋ ಅಂತ ನೋಡ್ದೆ. ನೀನು ಅನ್ನಲಿಲ್ಲ.” ಅವಳು ಮತ್ತೆ ಕಾಯಿ ಹಿಡಿದಳು. “ಈಗಂದೆ ಬುಡು.”

ಅಷ್ಟು ಹೊತ್ತಿಗೆ ಮೊಮ್ಮಗಳು ಬಂದಳು. ಈಗ ಎರಡನೇ ಕ್ಲಾಸು. “ಪೇಂಟರ್ ತಾತ ಬರ್ಲಿಲ್ವಾ?” ಎಂದಳು. ಅಜ್ಜಿಯೇ ಹೇಳಿದಳು. ಮಗು ನನ್ನ ಕೈಯ ಬ್ರಷ್ಷನ್ನು ಗುರುತು ಹಿಡಿದು ನೋಡಿತು. ಮುಂದೆ ಮೇಲಿನ ಸಾಲಿನಲ್ಲಿ ಎರಡು ಹೊಸ ಹಲ್ಲುಗಳು ಬಂದಿದ್ದವು, ಬಾಯಿಗಿಂತ ದೊಡ್ಡವು.

“ಹಲ್ಲು ತೋರ್ಸವ್ವ” ಎಂದೆ. ಅವಳು ಹಲ್ಲು ಕಿರಿದಳು, ಇದು ತಾತ ಪ್ರತಿ ವರ್ಷ ಮಾಡಿಸುತ್ತಿದ್ದ ಆಟವೆಂಬಂತೆ. ಬಿಸಿಲಿನಲ್ಲಿ ಎರಡೂ ಹಲ್ಲು ಫಳಫಳ ಹೊಳೆದವು. ಎದೆ ಹಗುರಾಯಿತು. ಹಗುರಾದ ತಕ್ಷಣ ಅನುಮಾನ ಬಂತು.

“ಸ್ವಲ್ಪ ನೆರಳಿಗೆ ಬಾರವ್ವ. ಲಂಗದ ತುದೀಲಿ ಹಲ್ಲು ಒರೆಸ್ಕೊ. ತುಟಿ ತಾಕಿಸ್ಬೇಡ.”

ಒಣಗಿದ ಮೇಲೆ, ಜಗಲಿಯ ನೆರಳಿನಲ್ಲಿ, ಎಡಗಡೆಯ ಹಲ್ಲಿನ ಅಡ್ಡಕ್ಕೆ ಸೀಮೆಸುಣ್ಣದಲ್ಲಿ ಎಳೆದಂತೆ ಒಂದು ತೆಳು ಬಿಳಿ ಗೆರೆ ಕಂಡಿತು. ಇನ್ನೊಂದು ಸ್ವಚ್ಛವಾಗಿತ್ತು. ಅವಳು ನಾಲಿಗೆ ಆಡಿಸಿದ ಕೂಡಲೇ ಗೆರೆ ಮಾಯವಾಯಿತು. ಬಾಯಿ ತೆರೆದು ನಿಂತರೆ ಮತ್ತೆ ಬಂತು.

ಅಜ್ಜಿ ಬಗ್ಗಿ ನೋಡಿದಳು. “ಇದೊಂದು ಗೆರೆಗೆ ಇಷ್ಟು ನೋಡೋದಾ?” ತನ್ನ ತುಟಿ ಎತ್ತಿ ಕಂದು ಹಲ್ಲುಗಳನ್ನು ತೋರಿಸಿದಳು. “ಇದು ಹಲ್ಲು. ಅದು ಏನೂ ಅಲ್ಲ.”

ಇರಬಹುದು. ಆ ಗೆರೆ ನನ್ನ ಎರಡು ಸೌಟಿನದೋ, ಅದಕ್ಕೆ ಮೊದಲು ಕುಡಿದ ನೀರಿನದೋ, ಬೇರೆ ಯಾವುದರದೋ ಎಂದು ಹೇಳುವ ಪರೀಕ್ಷೆ ನಮ್ಮ ಲ್ಯಾಬಿನಲ್ಲಿಲ್ಲ. ಅವಳು ನಗುವಾಗ ಯಾರಿಗೂ ಕಾಣುವುದಿಲ್ಲ. ನನಗೆ ಕಾಣುತ್ತದೆ.

ಪಂಪಿಗೆ ಬಿಳಿ ಬಳಿದೆ. ಅದು ಒಣಗುವವರೆಗೆ ಜಗಲಿಯ ಮೇಲೆ ಕೂತು ಅಜ್ಜಿಯ ಜೊತೆ ಕಡಲೆಕಾಯಿ ಬಿಡಿಸಿದೆ. ಮಧ್ಯಾಹ್ನದ ಮೇಲೆ ಪೆನ್ಸಿಲಿನಲ್ಲಿ ಅಕ್ಷರ ಗೀಚಿ ಕೆಂಪು ಹಿಡಿದೆ. ಅಂಗಿಯ ಮೇಲೆ ನಾಲ್ಕು ಕಡೆ ಬಿತ್ತು. ‘ಕು’ ಇಕ್ಕಟ್ಟಾಯಿತು, ‘ಡಿ’ ಸೊಟ್ಟಗಾಯಿತು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ ಹುಡುಗಿ ಕೆಂಪು ಮುಂದೆ ಹೋದಂತೆಲ್ಲ ಒಂದೊಂದೇ ಅಕ್ಷರವನ್ನು ಜೋರಾಗಿ ಓದುತ್ತಿದ್ದಳು. ಕೊನೆಯ ಎರಡನ್ನು ನಾನು ಬಿಡುವುದಕ್ಕೆ ಮೊದಲೇ ಓದಿ ಮುಗಿಸಿದಳು.

“ಚೆನ್ನಾಗೈತಾ?” ಎಂದು ಕೇಳಿದೆ.

ಅವಳು ತಲೆಯನ್ನು ಒಂದು ಬದಿಗೆ ವಾಲಿಸಿ ನೋಡಿದಳು. “ಈಗ್ಲೇ ಹೇಳಕ್ಕಾಗಲ್ಲ” ಎಂದಳು. “ಇನ್ನೂ ಒದ್ದೆ ಐತಲ್ಲ. ತಾತ ಹೇಳಿಲ್ವಾ ನಿಂಗೆ?”

ಹೇಳಿದ್ದಾರೆ ಎಂದೆ. ಕೊನೆಯ ಬಸ್ಸು ತಪ್ಪುತ್ತದೇನೋ ಎಂಬ ಚಿಂತೆ ಒಂದು ಸಲ ಬಂತು. ಆದರೂ ಎದ್ದು ಹೋಗಲಿಲ್ಲ. ಅವಳ ಪಕ್ಕದಲ್ಲಿ ನೆರಳಿಗೆ ಸರಿದು ಒಣಗುವುದನ್ನು ಕಾಯುತ್ತಾ ಕೂತೆ.